ಎರೆಯ ಹಕ್ಕಿ, ಮಡ್ಡಿಯ ಮೃಗ: ಕೃಷ್ಣಾ–ಘಟಪ್ರಭೆಯ ನಾಡಿನಲ್ಲಿ ಬೇಟೆ ಮತ್ತು ರಕ್ಷಣೆ

ಜಮಖಂಡಿ ತಾಲ್ಲೂಕಿನ ಹುನ್ನೂರ ಮತ್ತು ಅದರ ಸುತ್ತಲಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳ್ಳಿಗಳು ಕೃಷ್ಣೆ, ಘಟಪ್ರಭೆಗಳ ನೀರಿಗೆ ಹತ್ತಿರವಿದ್ದೂ ಮಳೆಗೆ ದೂರವಾದ ನಾಡಿಗೆ ಸೇರಿವೆ. ಇಲ್ಲಿಯ ನೆಲವನ್ನು ರೈತರು ಬಹುಕಾಲದಿಂದ ಎರಡು ಬಗೆಯಾಗಿ ಗುರುತಿಸುತ್ತ ಬಂದಿದ್ದಾರೆ: ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬೆಳೆಯಿಸುವ ಕಪ್ಪು ಮಣ್ಣು ಎರೆಯಾದರೆ, ಕಲ್ಲು ಗರಸು ತುಂಬಿ, ಮುಳ್ಳುಕಂಟಿ ಮತ್ತು ಒಣಹುಲ್ಲನ್ನಷ್ಟೇ ಹೊತ್ತು ನಿಂತ ಎತ್ತರದ ನೆಲ ಮಡ್ಡಿ. ಇವೆರಡರ ನಡುವೆ ಊರಿನ ದನ ಕುರಿಗಳಿಗೆಂದು ಬಿಟ್ಟ ಗಾಯರಾಣ, ಅಂದರೆ ಸಾಮೂಹಿಕ ಹುಲ್ಲುಗಾವಲು, ಇರುತ್ತಿತ್ತು. ಹುಲ್ಲೆ, ಚಿಗರಿ, ತೋಳ, ಕೌಜುಗ, ಬುರ್ಲಿ, ಎರೆಲಡ್ಡುಗಳ ಚರಿತ್ರೆ ಈ ಮೂರು ನೆಲಗಳ ಚರಿತ್ರೆಯಿಂದ ಬೇರೆಯಲ್ಲ. ಆದರೆ ಪ್ರಾಣಿದಯೆಯ ಬಗ್ಗೆ ಬರೆದವರೂ ಬೇಟೆಯನ್ನು ನಿಷೇಧಿಸಿದವರೂ ಜೀವದ ಕಡೆ ನೋಡಿದಷ್ಟು ಅದು ನಿಂತ ನೆಲದ ಕಡೆ ನೋಡಲಿಲ್ಲ. ಕೊಲ್ಲುವ ಹಕ್ಕು ಯಾರದು ಎಂಬ ಪ್ರಶ್ನೆಯೇ ಸುಮಾರು ಸಾವಿರ ವರ್ಷ ಮುಂದೆ ನಿಂತು, ಬದುಕುವ ಜಾಗ ಎಲ್ಲಿ ಎಂಬ ಪ್ರಶ್ನೆ ತೀರ ಈಚೆಗೆ ಎದ್ದಿತು.

ಕೊಲ್ಲುವ ಹಕ್ಕು ಅರಸನಲ್ಲಿ ವಿದ್ಯೆಯಾಗಿ ಬೆಳೆದದ್ದಕ್ಕೆ ಅತ್ಯಂತ ವಿವರವಾದ ಸಾಕ್ಷಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. 12ನೇ ಶತಮಾನದ ಮೂರನೆಯ ದಶಕದ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ನಾಲ್ಕನೆಯ ಭಾಗ ಅರಸನ ಇಪ್ಪತ್ತು ವಿನೋದಗಳನ್ನು ಹೇಳುತ್ತದೆ. ಅವುಗಳಲ್ಲಿ ಕೋಳಿಯ ಕಾಳಗ, ಲಾವುಗೆಯ ಕಾಳಗ, ಟಗರಿನ ಕಾಳಗ, ಕೋಣದ ಕಾಳಗ, ಪಾರಿವಾಳದ ಆಟ, ನಾಯಿಗಳ ಬೇಟೆಯಾದ ಸಾರಮೇಯ ವಿನೋದ, ಡೇಗೆ ಹಕ್ಕಿಗಳನ್ನು ಪಳಗಿಸಿ ಬೇರೆ ಹಕ್ಕಿಗಳ ಮೇಲೆ ಬಿಡುವ ಶ್ಯೇನ ವಿನೋದ, ಮೀನುಬೇಟೆ, ಮೃಗಬೇಟೆ ಎಲ್ಲಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಬೇಟೆಯ ಹಕ್ಕಿಯನ್ನು ಹಿಡಿಯುವುದು, ಸಾಕುವುದು, ನಾಯಿಯ ಲಕ್ಷಣ ನೋಡುವುದು, ಇವೆಲ್ಲ ಅಲ್ಲಿ ಶಾಸ್ತ್ರದ ಗಾಂಭೀರ್ಯದಿಂದಲೇ ನಿರೂಪಿತವಾಗಿವೆ. ಪ್ರಾಣಿಯನ್ನು ಇಷ್ಟು ಹತ್ತಿರದಿಂದ ನೋಡಿದ ಕಣ್ಣು ಅದರ ನೋವನ್ನು ಕಾಣಲಿಲ್ಲವೇ ಎಂದು ಇಂದಿನ ಓದುಗ ಕೇಳಬಹುದು, ಆದರೆ ಆ ಕಾಲಕ್ಕೆ ಗಮನ ಮತ್ತು ಕರುಣೆ ಒಂದೇ ಗುಣದ ಎರಡು ಹೆಸರುಗಳಾಗಿರಲಿಲ್ಲ. ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನು ಕುದುರೆಯ ಮೇಲೆ, ಬೇಟೆಹಕ್ಕಿಯೊಂದಿಗೆ ಚಿತ್ರಿಸಿದ ಕಲಾವಿದನೂ ಅದೇ ಪರಂಪರೆಯ ಅರಸುತನವನ್ನು ಕಂಡವನು.

ಪ್ರಾಣಿಯ ಮೇಲಿನ ಮಮತೆ ಬೇಟೆಯೊಳಗೇ ಇದ್ದದ್ದಕ್ಕೆ ಆತಕೂರಿನ ಶಾಸನ ನಿದರ್ಶನ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಶಕ 872ರ ಸೌಮ್ಯ ಸಂವತ್ಸರದ, ಅಂದರೆ ಕ್ರಿ.ಶ. 949–50ರ ಈ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದರೊಡನೆ ಹೋರಾಡಿ ಹಂದಿಯೊಂದಿಗೇ ಸತ್ತಾಗ ಅದರ ನೆನಪಿಗೆ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಡಲಾಯಿತು. ಸತ್ತ ಹಂದಿಗೆ ಕಲ್ಲಿಲ್ಲ. ತನ್ನ ಪರವಾಗಿ ಕಾದ ಪ್ರಾಣಿಗೆ ವೀರನ ಪದವಿ ಕೊಟ್ಟು, ಎದುರು ನಿಂತ ಪ್ರಾಣಿಯನ್ನು ಬೇಟೆಯೆಂದಷ್ಟೇ ಎಣಿಸುವ ಈ ಲೆಕ್ಕ ಮುಧೋಳದ ನಾಯಿಯ ಕಥೆಯಲ್ಲಿಯೂ ಮುಂದೆ ಕಾಣಿಸಿಕೊಳ್ಳುತ್ತದೆ. ಅದೇ ಸೌಮ್ಯ ಸಂವತ್ಸರದಲ್ಲಿ ಮುದುವೊಳಲು ಎಂಬ ಮುಧೋಳದಲ್ಲಿ ಬಳೆಗಾರರ ಜೈನ ಮನೆತನವೊಂದರಲ್ಲಿ ಕವಿ ರನ್ನ ಹುಟ್ಟಿದನೆಂಬುದು ಕಾಕತಾಳೀಯವಾದರೂ ಗಮನಿಸತಕ್ಕದ್ದು, ಏಕೆಂದರೆ ಬೇಟೆಗೆ ತಾತ್ತ್ವಿಕವಾದ ಎದುರುಮಾತು ಈ ನಾಡಿನಲ್ಲಿ ಎದ್ದದ್ದು ಜೈನರಿಂದಲೇ.

ಆ ಎದುರುಮಾತಿನ ಅತಿ ಚೂಪಾದ ರೂಪ ಜನ್ನನ ಯಶೋಧರಚರಿತೆಯಲ್ಲಿದೆ. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ರಾಜ ಯಶೋಧರ, ಜೀವಬಲಿ ಒಲ್ಲದೆಯೂ ತಾಯಿಯ ಮಾತನ್ನು ಮೀರಲಾರದೆಯೂ, ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿ ಕೊಡುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಣ, ಕೋಳಿ ಮುಂತಾದ ಜನ್ಮಗಳಲ್ಲಿ ಸುತ್ತಿ, ಪ್ರತಿ ಜನ್ಮದಲ್ಲಿಯೂ ಮನುಷ್ಯನ ಅಥವಾ ಬೇರೆ ಪ್ರಾಣಿಯ ಹಿಂಸೆಗೆ ಗುರಿಯಾಗುತ್ತಾರೆ. ಕೈ ಕೊಲ್ಲದಿದ್ದರೂ ಮನಸ್ಸು ಕೊಲ್ಲಲು ಒಪ್ಪಿದರೆ ಅದೂ ಹಿಂಸೆಯೇ ಎಂಬುದು ಸಂಕಲ್ಪಹಿಂಸೆಯ ತತ್ತ್ವ. ಕೊಲ್ಲುವವನನ್ನೇ ಕೊಲ್ಲಲ್ಪಡುವ ಪ್ರಾಣಿಯ ಮೈಯೊಳಗೆ ಕೂರಿಸಿ ನೋಡಿಸುವ ಈ ಕಥಾತಂತ್ರಕ್ಕೆ ಕನ್ನಡದಲ್ಲಿ ಸರಿಸಾಟಿ ವಿರಳ. ಅದಕ್ಕೆ ಕೆಲವು ದಶಕ ಮೊದಲು, ಈ ಸೀಮೆಗೆ ದೂರವಲ್ಲದ ಕೂಡಲಸಂಗಮದ ಹೆಸರಿನೊಂದಿಗೆ ಬೆಸೆದುಕೊಂಡ ಬಸವಣ್ಣನವರು ಮತ್ತು ಅವರ ಜೊತೆಯ ಶರಣರು ಬಲಿಪಶುವಿನ ಪರವಾಗಿ ವಚನಗಳಲ್ಲಿ ನುಡಿದಿದ್ದರು. ಆದರೂ ಹಳ್ಳಿಯ ದ್ಯಾಮವ್ವ, ದುರ್ಗವ್ವರ ಜಾತ್ರೆಗಳಲ್ಲಿ ಕೋಣ, ಕುರಿಗಳ ಬಲಿ 20ನೇ ಶತಮಾನಕ್ಕೂ ಉಳಿದುಬಂದು, ಕೊನೆಗೆ 1959ರಲ್ಲಿ ಪ್ರಾಣಿಬಲಿ ನಿಷೇಧದ ಕಾಯ್ದೆಯನ್ನೇ ಮಾಡಬೇಕಾಯಿತು. ದಯೆಯ ಈ ಎರಡು ಧಾರೆಗಳೂ ಒಂದೊಂದು ಜೀವವನ್ನು ಉದ್ದೇಶಿಸಿದವು, ಒಂದು ಕುಲ ಒಟ್ಟಾಗಿ ಅಳಿಯಬಹುದೆಂಬ ಊಹೆ ಅವುಗಳಿಗೆ ಬರುವ ಸಂದರ್ಭವೇ ಇರಲಿಲ್ಲ.

ರೈತನ ನಿಲುವು ಅರಸನದೂ ಅಲ್ಲ, ಮುನಿಯದೂ ಅಲ್ಲ. ಹಿಂಗಾರಿ ಜೋಳ ಹಾಲುಗಾಳಿಗೆ ಬರುವ ಹೊತ್ತಿಗೆ ಯುರೋಪಿನ ಪೂರ್ವಭಾಗ ಮತ್ತು ಮಧ್ಯ ಏಷ್ಯಾದಿಂದ ಹಿಂಡು ಹಿಂಡಾಗಿ ಬಂದಿಳಿಯುವ ಗುಲಾಬಿ ಕಬ್ಬಕ್ಕಿಗೆ ಬ್ರಿಟಿಷರು ಜೋಳದ ಹಕ್ಕಿ ಎಂದೇ ಹೆಸರಿಟ್ಟಿದ್ದರು. ಹೊಲದ ನಡುವೆ ಅಟ್ಟಣಿಗೆ ಹಾಕಿ, ಬೆಳಗಿನಿಂದ ಬೈಗಿನವರೆಗೆ ಕೂಗು ಹಾಕುತ್ತ, ಕವಣೆಗಲ್ಲು ಬೀಸುತ್ತ ಹಕ್ಕಿ ಕಾಯುವುದು ಮನೆಯ ಹುಡುಗರ, ಮುದುಕರ ಪಾಲಿನ ಕೆಲಸವಾಗಿತ್ತು. ಅದೇ ಹಕ್ಕಿ ಮಿಡತೆಗಳನ್ನು ತಿನ್ನುತ್ತದೆಂಬುದೂ ತಿಳಿದ ಸಂಗತಿಯೇ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ, ಅಂದರೆ ಭೂಮಿತಾಯಿಗೆಂದು ಅಡುಗೆಯ ತುತ್ತುಗಳನ್ನು ನಾಲ್ದೆಸೆಗೆ ಎರಚುವಾಗ, ಅದನ್ನು ಹೆಕ್ಕಿ ತಿನ್ನುವುದು ಕವಣೆಯಿಂದ ಓಡಿಸಿದ ಅದೇ ಹಕ್ಕಿಗಳು. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊಡುಬಳೆ ಕಟ್ಟಿ ಪೂಜಿಸಿದ ರೈತ, ತೆರಬಂಡಿಯ ಪಂದ್ಯದಲ್ಲಿ ಭಾರ ಎಳೆಯಲು ಅದೇ ಎತ್ತನ್ನು ಹೂಡುತ್ತಾನೆ. ಹೊರಗಿನಿಂದ ನೋಡುವವರಿಗೆ ಇದು ವಿರೋಧವೆನ್ನಿಸಿದರೂ, ದುಡಿಮೆಯಲ್ಲಿ ಪಾಲುಗೊಂಡ ಪ್ರಾಣಿಗೆ ಅನ್ನದಲ್ಲಿ, ಹಬ್ಬದಲ್ಲಿ ಪಾಲು, ದುಡಿಮೆಯನ್ನು ಕೆಡಿಸುವ ಪ್ರಾಣಿಗೆ ಕಲ್ಲು ಎಂಬ ಒಕ್ಕಲುತನದ ನ್ಯಾಯ ಅದರಲ್ಲಿ ಸುಸಂಗತವಾಗಿಯೇ ಇದೆ.

ಹಕ್ಕಿ ಮೃಗಗಳನ್ನು ಹಿಡಿದೇ ಬದುಕಿದವರ ಕಥೆ ಬೇರೆ. ಹರಣಶಿಕಾರಿ, ಚಿಗರಿಬೇಟೆಗಾರ, ಅಡವಿಚಿಂಚೇರ, ಪಾರ್ಧಿ ಎಂದು ಊರಿಗೊಂದು ಹೆಸರು ಪಡೆದ ಅಲೆಮಾರಿ ಸಮುದಾಯದವರು ದಖ್ಖನಿನ ಬಯಲಿನಲ್ಲಿ ನರದ ಉರುಲು, ಬಲೆ, ದೀವದ ಹಕ್ಕಿಗಳಿಂದ ಕೌಜುಗ, ಬುರ್ಲಿ, ಚಿಗರಿಗಳನ್ನು ಹಿಡಿಯುತ್ತಿದ್ದರು. ದೀವವೆಂದರೆ ತನ್ನ ಕೂಗಿನಿಂದ ಕಾಡಿನ ಹಕ್ಕಿಯನ್ನು ಬಲೆಯ ಬಳಿಗೆ ಸೆಳೆಯುವ ಸಾಕುಹಕ್ಕಿ. ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಚಿಗರಿಯ ಹಿಂಡನ್ನು ಸಮೀಪಿಸುವ ಕುಶಲತೆಯೂ ಅವರದಾಗಿತ್ತು. ಸಂತೆಯಲ್ಲಿ ಜೀವಂತ ಹಕ್ಕಿ ಮಾರಿ ಕಾಳು ಕೊಳ್ಳುತ್ತಿದ್ದ ಈ ಜನರ ಜ್ಞಾನವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರ ಧಾರಾಳವಾಗಿ ಬಳಸಿಕೊಂಡಿತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದು, 1824ರ ಕಿತ್ತೂರಿನ ದಂಗೆಯಲ್ಲಿ ಸೆರೆಸಿಕ್ಕು ಬಿಡುಗಡೆಗೊಂಡ ವಾಲ್ಟರ್ ಎಲಿಯಟ್, 1839ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಅವುಗಳನ್ನು ಹಿಡಿಯುವವರ ಮಾತುಗಳನ್ನೂ ದಾಖಲಿಸಿದ. ದಕ್ಷಿಣ ಮರಾಠಾ ಸೀಮೆಯೆಂದರೆ ಧಾರವಾಡ, ಬೆಳಗಾವಿ, ಕಲಾದಗಿಗಳ ಬ್ರಿಟಿಷ್ ಭಾಗದೊಂದಿಗೆ ಜಮಖಂಡಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳೂ ಸೇರಿದ್ದ ಪ್ರದೇಶ. ಮುಂದೆ ಎ. ಒ. ಹ್ಯೂಮ್ ನಡೆಸಿದ ಸ್ಟ್ರೇ ಫೆದರ್ಸ್ ಪತ್ರಿಕೆಯಲ್ಲಿ ಇದೇ ಸೀಮೆಯ ಹಕ್ಕಿಗಳ ಪಟ್ಟಿಯನ್ನು ಇ. ಎ. ಬಟ್ಲರ್ ಪ್ರಕಟಿಸಿದ. ಹ್ಯೂಮ್ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ, ಹಕ್ಕಿಯ ಚರ್ಮಗಳನ್ನು ಅವನಷ್ಟು ಕೂಡಿಹಾಕಿದವರು ಅಂದಿನ ಭಾರತದಲ್ಲಿ ಇರಲಿಲ್ಲವೆಂಬುದನ್ನು ಹೇಳುವುದಿಲ್ಲ.

ಕೋವಿ ಬಂದ ಮೇಲೆ ಕೊಲ್ಲುವ ಪ್ರಮಾಣವೇ ಬದಲಾಯಿತು. ಎರೆಲಡ್ಡು, ಅಂದರೆ ಮನುಷ್ಯನ ಸೊಂಟದವರೆಗೆ ಬರುವ, ಗಂಡು ಹದಿನೈದು ಕಿಲೋವರೆಗೂ ತೂಗುವ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುವ ಬಸ್ಟರ್ಡ್ ಹಕ್ಕಿ, ದಖ್ಖನಿನ ಸಾಹೇಬರ ಶಿಕಾರಿಯಲ್ಲಿ ಅಗ್ರಸ್ಥಾನ ಪಡೆದಿತ್ತು. ಅಹಮದನಗರ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬೊಬ್ಬನೇ 1809ರಿಂದ 1829ರವರೆಗೆ 961 ಎರೆಲಡ್ಡುಗಳನ್ನು ಹೊಡೆದನೆಂಬ ಲೆಕ್ಕ ಉಳಿದಿದೆ. ವರ್ಷಕ್ಕೊಂದು ಮೊಟ್ಟೆಯಿಡುವ ಹಕ್ಕಿಯ ಮಟ್ಟಿಗೆ ಇದು ಒಂದು ತಾಲ್ಲೂಕಿನ ಸಂತತಿಯನ್ನೇ ಗುಡಿಸಿ ಹಾಕುವ ಲೆಕ್ಕ. ಯಾವ ಉರುಲುಗಾರನ ಹೆಸರಿನಲ್ಲಿಯೂ ಇಂಥ ಪಟ್ಟಿಯಿಲ್ಲ. ಉರುಲುಗಾರರ ಬಗ್ಗೆ ಬೇರೆ ಪಟ್ಟಿಗಳು ಸಿದ್ಧವಾದವು.

ಆ ಪಟ್ಟಿಗಳ ಹಿನ್ನೆಲೆಯಲ್ಲಿ ಹಲಗಲಿಯ ಪ್ರಸಂಗ ಬರುತ್ತದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ನೋಂದಾಯಿಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು ಎಂಬ ನಿಶ್ಶಸ್ತ್ರೀಕರಣದ ಕಾನೂನನ್ನು ಜಾರಿಗೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ದಂಡು ಊರನ್ನು ಸುತ್ತುವರಿದು ಸುಟ್ಟಿತು, ಸೆರೆಸಿಕ್ಕ ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದ ಈ ಘಟನೆ ಕನ್ನಡ ನಾಡಿಗೆಲ್ಲ ಗೊತ್ತು. ಅದನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುವುದು ಸರಿಯೇ, ಆದರೆ ಆಯುಧ ಬೇಡರ ಮಾನವೂ ಹೌದು, ಅಡವಿಯ ಆಹಾರವೂ ಹೌದು ಎಂಬುದನ್ನು ಮರೆತರೆ ಅವರ ಸಿಟ್ಟಿನ ಅರ್ಧವಷ್ಟೇ ತಿಳಿದಂತಾಗುತ್ತದೆ. ಅಲೆಮಾರಿ ಬೇಟೆಗಾರರ ಪಾಲಿಗೆ ಇನ್ನೂ ಕಠಿಣವಾದದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹುಟ್ಟಿನಿಂದಲೇ ಒಂದು ಸಮುದಾಯವನ್ನು ಅಪರಾಧಿಯೆಂದು ಘೋಷಿಸುವ ಈ ಕಾನೂನು 1911ರ ಪರಿಷ್ಕರಣೆಯೊಂದಿಗೆ ಮುಂಬಯಿ ಪ್ರಾಂತಕ್ಕೂ ಹಬ್ಬಿತು. ಒ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿ ವಿಜಯಪುರ ಜಿಲ್ಲೆಯಲ್ಲಿ ಆರಂಭಿಸಿದ ಕೆಲಸದಿಂದ ಬೆಳೆದ ಸೆಟಲ್‌ಮೆಂಟುಗಳು, ಅಂದರೆ ತಂತಿಬೇಲಿ ಮತ್ತು ಹಾಜರಿಯ ವಸಾಹತುಗಳು, ಹುಬ್ಬಳ್ಳಿ, ಗದಗಗಳಲ್ಲಿ ನೆಲೆಗೊಂಡು ಬೇಟೆಗಾರರನ್ನು ಗಿರಣಿ ಕೆಲಸಗಾರರನ್ನಾಗಿ ಮಾಡಹೊರಟವು. ಆ ಹಣೆಪಟ್ಟಿಯಿಂದ ದೇಶದಾದ್ಯಂತ ಕಾನೂನಿನ ಬಿಡುಗಡೆ ಸಿಕ್ಕಿದ್ದು 1952ರಲ್ಲಿ.

ಹಕ್ಕಿಗಳ ರಕ್ಷಣೆಯ ಕಾನೂನುಗಳೂ ಬಹುಮಟ್ಟಿಗೆ ಇದೇ ಕಾಲದವು. 1887ರ ಕಾಡುಹಕ್ಕಿಗಳ ರಕ್ಷಣಾ ಕಾಯ್ದೆ, ಪುರಸಭೆ ಮತ್ತು ದಂಡುಪ್ರದೇಶಗಳ ಮಿತಿಯೊಳಗೆ, ಮರಿಮಾಡುವ ಕಾಲದಲ್ಲಿ ಹೊಸದಾಗಿ ಹಿಡಿದ ಅಥವಾ ಕೊಂದ ಹಕ್ಕಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ತಡೆಯಲು ಅವಕಾಶ ಕೊಟ್ಟಿತು. ಇಂಗ್ಲೆಂಡ್, ಫ್ರಾನ್ಸ್‌ಗಳ ಹೆಂಗಸರ ಟೋಪಿಗಳಿಗೆಂದು ಬೆಳ್ಳಕ್ಕಿಯ ಗರಿಗಳನ್ನು ಹಡಗುಗಟ್ಟಲೆ ಸಾಗಿಸುತ್ತಿದ್ದ ವ್ಯಾಪಾರಕ್ಕೆ ತಡೆಯೊಡ್ಡಲು 1902ರಲ್ಲಿ ಗರಿ ಮತ್ತು ಹಕ್ಕಿಚರ್ಮದ ರಫ್ತನ್ನು ನಿಷೇಧಿಸಲಾಯಿತು. 1912ರ ಕಾಯ್ದೆ ಬಸ್ಟರ್ಡ್, ಕೌಜುಗ, ಬುರ್ಲಿ, ನವಿಲು, ಬೆಳ್ಳಕ್ಕಿಗಳ ಜೊತೆಗೆ ಜಿಂಕೆ, ಹುಲ್ಲೆಗಳನ್ನೂ ಪಟ್ಟಿಗೆ ಸೇರಿಸಿ, ವರ್ಷದ ಕೆಲವು ತಿಂಗಳು ಅವುಗಳ ಬೇಟೆಯನ್ನು ನಿಲ್ಲಿಸುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ನೀಡಿತು. ಪಟ್ಟಿಯನ್ನು ಓದಿದರೆ ಅದು ಬಹಳಷ್ಟು ಶಿಕಾರಿಗಾರನ ಊಟದ ಮತ್ತು ಗೋಡೆಯ ಅಲಂಕಾರದ ಪಟ್ಟಿಯನ್ನೇ ಹೋಲುತ್ತದೆ, ಏಕೆಂದರೆ ಮುಂದಿನ ವರ್ಷಕ್ಕೂ ಶಿಕಾರಿ ಉಳಿಯಬೇಕೆಂಬ ಚಿಂತೆ ಅದರ ಹಿಂದೆ ಗಟ್ಟಿಯಾಗಿ ಇತ್ತು. ಬೀದಿಯ ಪ್ರಾಣಿಗಳಿಗೆಂದು 1890ರಲ್ಲಿ ಬಂದ ಪ್ರಾಣಿಹಿಂಸಾ ನಿವಾರಣಾ ಕಾಯ್ದೆ ಹೆಚ್ಚಾಗಿ ಹಿಡಿದದ್ದು ಗಾಡಿ ಹೊಡೆಯುವ ಬಡವರನ್ನು. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾದ್ದರಿಂದ ಬ್ರಿಟಿಷ್ ಭಾರತದ ಕಾಯ್ದೆಗಳು ಅಲ್ಲಿ ತಾವಾಗಿ ಅನ್ವಯಿಸುತ್ತಿರಲಿಲ್ಲ, ಅಡವಿಯ ಮೇಲೆ ದರಬಾರಿನ ಮಾತೇ ಕೊನೆಯ ಮಾತಾಗಿತ್ತು.

ದರಬಾರಿನ ಬೇಟೆ ಒಂದು ಪ್ರಾಣಿಯನ್ನು ಉಳಿಸಿತೆಂಬುದು ಈ ಚರಿತ್ರೆಯ ವಿಚಿತ್ರ ತಿರುವು. ಉದ್ದ ಮೂತಿ, ತೆಳು ಸೊಂಟ, ನೀಳ ಕಾಲುಗಳ, ವಾಸನೆಗಿಂತ ಕಣ್ಣಿನಿಂದಲೇ ಬೇಟೆ ಹಿಡಿಯುವ ಓಟದ ನಾಯಿಗಳನ್ನು ಬೇಡರು ಸಾಕಿಕೊಂಡಿದ್ದನ್ನು ಗಮನಿಸಿದ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ, 20ನೇ ಶತಮಾನದ ಆರಂಭದಲ್ಲಿ ಆಯ್ದ ತಳಿಗಾರಿಕೆಗೆ ಆಸರೆ ಕೊಟ್ಟರು. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿತ್ತರೆಂಬ ಕಥನದಿಂದ ಅದರ ಖ್ಯಾತಿ ಸಾಗರದಾಚೆಗೂ ಹೋಯಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮುಂದೆ ಬೇಟೆಗೇ ನಿಷೇಧ ಬಂದಾಗ, ಈ ನಾಯಿಯ ಕಸುಬೇ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನೆಲೆಗೊಂಡಿತು, ಸೇನೆಯೂ ಈ ತಳಿಯನ್ನು ಪರೀಕ್ಷೆಗೆ ತೆಗೆದುಕೊಂಡಿತು. ನಾಯಿಗೆ ಬೇರೆ ಕೆಲಸ ಸಿಕ್ಕಿತು. ಅದು ಬೆನ್ನಟ್ಟುತ್ತಿದ್ದ ಮೊಲ, ಚಿಗರಿಗಳ ಬಯಲಿಗೆ ಏನಾಯಿತೆಂಬ ಪ್ರಶ್ನೆಯನ್ನು ಅಂಚೆಚೀಟಿಯ ಉತ್ಸಾಹದಲ್ಲಿ ಕೇಳಿದವರು ಕಡಿಮೆ.

ಬಯಲು ಕರಗಿದ್ದು ಕೋವಿಯಿಂದಲ್ಲ. 1951ರ ಮುಂಬಯಿ ಕಾಯ್ದೆ, ಏಕೀಕರಣದ ಬಳಿಕ 1963ರ ಮೈಸೂರು ಕಾಯ್ದೆ, ಕೊನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದಕ್ಕಿಂತ ಒಂದು ಬಿಗಿಯಾಗಿ ಬಂದು, 1991ರ ತಿದ್ದುಪಡಿಯ ಹೊತ್ತಿಗೆ ಕಾಡುಪ್ರಾಣಿಗಳ ಬೇಟೆ ಸ್ವಲ್ಪ ಅಪವಾದಗಳನ್ನು ಬಿಟ್ಟು ಪೂರ್ತಿ ನಿಂತಿತ್ತು. ಅದೇ ದಶಕಗಳಲ್ಲಿ ಗಾಯರಾಣ ಮತ್ತು ಮಡ್ಡಿಗಳು ಕಂದಾಯದ ಕಡತಗಳಲ್ಲಿ ಬೀಳುಭೂಮಿಯೆಂದು ಎಣಿಕೆಗೊಂಡು, ಹಂಚಿಕೆಗೂ ಉಳುಮೆಗೂ ನೆಡುತೋಪಿಗೂ ಒಳಗಾದವು. ಘಟಪ್ರಭೆಯ ಕಾಲುವೆಗಳು, ಹಿಡಕಲ್ ಜಲಾಶಯ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಹಣ ಮತ್ತು ಶ್ರಮ ಹಾಕಿ ಕಟ್ಟಿದ ಬ್ಯಾರೇಜು, ಸಮೀರವಾಡಿಯಿಂದ ಮೊದಲುಗೊಂಡು ಒಂದರ ಹಿಂದೊಂದು ಬಂದ ಸಕ್ಕರೆ ಕಾರ್ಖಾನೆಗಳು ಜೋಳದ ನಾಡನ್ನು ಕಬ್ಬಿನ ನಾಡಾಗಿಸಿದವು. ನೀರಿಗಾಗಿ ತಲೆಮಾರುಗಳ ಕಾಲ ಬರ ಉಂಡ ಜನರ ಈ ಆಯ್ಕೆಯನ್ನು ದೂರುವ ನೈತಿಕ ಹಕ್ಕು ಯಾವ ಪಕ್ಷಿಪ್ರೇಮಿಗೂ ಇಲ್ಲ. ಆದರೆ ದೂರದವರೆಗೆ ನೋಟ ಹಾಯುವ ಗಿಡ್ಡ ಹುಲ್ಲು ಮತ್ತು ಒಣಬೇಸಾಯದ ಹೊಲ ಬೇಕಾದ ಎರೆಲಡ್ಡುವಿಗೆ ಎರಡಾಳು ಎತ್ತರದ ಕಬ್ಬಿನಲ್ಲಿ ಜಾಗವಿಲ್ಲ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ನೀಲಗಿರಿ ತೋಪುಗಳ ನಡುವೆ ಈ ಹಕ್ಕಿ ಕ್ರಮೇಣ ಮರೆಯಾಗಿ, ಕರ್ನಾಟಕದಲ್ಲಿ ಬಳ್ಳಾರಿ ಸೀಮೆಯ ಸಿರುಗುಪ್ಪದ ಎರೆಯಲ್ಲಿ ಮಾತ್ರ ಬೆರಳೆಣಿಕೆಯಷ್ಟು ಉಳಿಯಿತು. 2011ರಲ್ಲಿ ಅದನ್ನು ಜಾಗತಿಕವಾಗಿ ಅಳಿವಿನ ತೀರ ಅಂಚಿನಲ್ಲಿರುವ ಪ್ರಭೇದಗಳ ವರ್ಗಕ್ಕೆ ಸೇರಿಸಲಾಯಿತು.

ಮಡ್ಡಿಯ ಮಟ್ಟಿಗೆ ಒಂದು ಸಣ್ಣ ತಿದ್ದುಪಡಿ ತಡವಾಗಿ ಬಂತು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿದ 96 ಚದರ ಕಿ.ಮೀ.ಗೂ ತುಸು ಹೆಚ್ಚಿನ ಕುರುಚಲು ಕಾಡನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿಂಕಾರವೆಂದರೆ ಚಿಗರಿಗಿಂತ ಚಿಕ್ಕದಾದ, ಗಂಡು ಹೆಣ್ಣುಗಳೆರಡಕ್ಕೂ ಕೋಡಿರುವ, ನೀರಿಲ್ಲದೆ ಬಹುದಿನ ತಾಳಬಲ್ಲ ಹುಲ್ಲೆ. ಯಾವುದಕ್ಕೂ ಬಾರದ ನೆಲವೆನ್ನಿಸಿದ ಮಡ್ಡಿಯೇ ಒಂದು ಜೀವದ ಮನೆಯೆಂದು ಸರ್ಕಾರದ ಕಾಗದ ಮೊದಲ ಬಾರಿಗೆ ಈ ಸೀಮೆಯಲ್ಲಿ ಒಪ್ಪಿಕೊಂಡದ್ದು ಆಗಲೇ. ಕಾಡಿನಂಚಿನಲ್ಲಿ ಕುರಿ ಮೇಯಿಸುವವರ ಹಕ್ಕು ಮತ್ತು ಧಾಮದ ಗಡಿಯ ನಡುವಿನ ತಗಾದೆ ಇದರೊಂದಿಗೇ ಹುಟ್ಟಿತೆಂಬುದನ್ನೂ ಹೇಳಬೇಕು, ಏಕೆಂದರೆ ಹಲಗಲಿಯ ಕಾಲದಿಂದಲೂ ಅಡವಿಯ ಕಾನೂನು ಬಂದಾಗಲೆಲ್ಲ ಮೊದಲು ಕೈಕಟ್ಟಿಸಿಕೊಂಡವರು ಅಡವಿಯ ಅಂಚಿನವರೇ.

ಹಕ್ಕಿಗಳ ಮಟ್ಟಿಗೆ ಈ ನಾಡಿನ ಹೊಸ ಅಧ್ಯಾಯ ನೀರಿನದು. ಘಟಪ್ರಭೆಯ ಮೇಲ್ಭಾಗದಲ್ಲಿ, ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಒಡ್ಡಿನ ಹಿನ್ನೀರು ಮತ್ತು ನಡುಗಡ್ಡೆಗಳು 1974ರಲ್ಲಿ ಸುಮಾರು 30 ಚದರ ಕಿ.ಮೀ.ಯ ಪಕ್ಷಿಧಾಮವಾದವು. ಚಳಿಗಾಲಕ್ಕೆ ಅಲ್ಲಿಗೆ ಡೆಮೊಸೆಲ್ ಕ್ರೌಂಚ ಮತ್ತು ಯುರೋಪಿನ ಬಿಳಿ ಕೊಕ್ಕರೆಗಳು ಬರುತ್ತವೆ. ಕೃಷ್ಣೆಯ ಕಡೆ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟು 2005ರ ಹೊತ್ತಿಗೆ ಪೂರ್ಣಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆ, ಬೀಳಗಿ, ಜಮಖಂಡಿ ತಾಲ್ಲೂಕುಗಳ ನದಿದಂಡೆಯ ಊರು ಹೊಲಗಳನ್ನು ಮುಳುಗಿಸಿತು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಂತೆ ಹೆರಕಲ್ ಮುಂತಾದೆಡೆ ತೆರೆದುಕೊಳ್ಳುವ ಕೆಸರು ಬಯಲಿಗೆ ರಾಜಹಂಸಗಳು, ಪಟ್ಟೆತಲೆಯ ಹೆಬ್ಬಾತುಗಳು ಇಳಿಯತೊಡಗಿದವು. ಒಂದು ಕಾಲದ ಎರೆಹೊಲವೇ ಇಂದು ಹೂಳಿನ ತಟ್ಟೆಯಾಗಿ, ರಾಜಹಂಸ ತನ್ನ ಬಾಗಿದ ಕೊಕ್ಕಿನಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಜಾಗವಾಗಿದೆ. ಒಣನೆಲದ ಹಕ್ಕಿ ಹೋದ ಮೇಲೆ ಹಸಿನೆಲದ ಹಕ್ಕಿ ಬಂತೆಂದು ಇದನ್ನು ಲಾಭನಷ್ಟದ ಲೆಕ್ಕಕ್ಕೆ ಹಾಕುವುದು ಸುಲಭ, ಆದರೆ ಸರಿಯಲ್ಲ, ಏಕೆಂದರೆ ರಾಜಹಂಸಕ್ಕೆ ಜಗತ್ತಿನಲ್ಲಿ ಬೇರೆ ತೀರಗಳಿವೆ, ಎರೆಲಡ್ಡುವಿಗೆ ಬೇರೆ ಎರೆ ಹೆಚ್ಚೇನೂ ಉಳಿದಿಲ್ಲ.

ಈ ಹೊಸ ನೆಲೆಯೂ ಸ್ಥಿರವಲ್ಲ. ನೀರಿಳಿದ ಹೂಳಿನಲ್ಲಿ ಮುಳುಗಡೆಯ ಸಂತ್ರಸ್ತರೂ ಅಕ್ಕಪಕ್ಕದ ರೈತರೂ ಬೆಳೆ ತೆಗೆಯುತ್ತಾರೆ, ಮೀನುಗಾರರು ಬಲೆ ಬೀಸುತ್ತಾರೆ. ಹಕ್ಕಿ ಬಂದು ಇಳಿಯುವ ತಿಂಗಳುಗಳೇ ಅವರಿಗೂ ಆ ನೆಲ ಸಿಗುವ ತಿಂಗಳುಗಳು. ಜಲಾಶಯದ ಪೂರ್ಣಮಟ್ಟ ಇಂದು 519.60 ಮೀಟರ್. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿದೆ. ಆ ಎತ್ತರಕ್ಕೆ ನೀರು ನಿಂತರೆ ಇನ್ನಷ್ಟು ಹಳ್ಳಿಗಳು ಮತ್ತು ಕಬ್ಬಿನ ಹೊಲಗಳು ಮುಳುಗುತ್ತವೆ, ಬೇಸಿಗೆಯ ಕೆಸರು ಬಯಲು ಈಗಿನ ದಂಡೆಗಳಿಂದ ಬೇರೆಡೆಗೆ ಸರಿಯುತ್ತದೆ. ಪರಿಹಾರ ಮತ್ತು ಪುನರ್ವಸತಿಯ ಚರ್ಚೆ ಈ ಸೀಮೆಯಲ್ಲಿ ವರ್ಷಗಳಿಂದ ನಡೆದಿದೆ. ಹಕ್ಕಿಗಳು ಇಳಿಯುವ ತಗ್ಗುಗಳ ಮಾತು ಆ ಚರ್ಚೆಯಲ್ಲಿ ಬಂದರೂ, ಎಕರೆಗೆ ಎಷ್ಟು ಎಂಬ ಮಾತು ಮುಗಿದ ಮೇಲೆಯೇ ಬರುತ್ತದೆ.